ಮಗಳನ್ನು ವಿಮಾನ ಕಲಿಯಲು ಕಳಿಸುವ ಮುನ್ನ

ಮಗಳು ಭರತನಾಟ್ಯ ಕಲೀತೀನಿ ಅಂದರೆ ನಾವು ಎಷ್ಟೊಂದು ವಿಚಾರಿಸುತ್ತೇವೆ! ಟೀಚರು ಯಾರು, ಮನೆಯಿಂದ ಎಷ್ಟು ದೂರ, ಹಿಂದೆ ಕಲಿತವರು ಯಾರು ಯಾರು, ಫೀಸು ತಿಂಗಳಿಗೋ ವರ್ಷಕ್ಕೋ ಎಂದೆಲ್ಲ ಕೇಳಿ, ಎದುರು ಮನೆಯ ಪದ್ಮಮ್ಮನವರ ಅಭಿಪ್ರಾಯವನ್ನೂ ಪಡೆದು ಆಮೇಲೆ ಸೇರಿಸುತ್ತೇವೆ. ಅದೇ ಮಗಳು "ಅಮ್ಮಾ, ನಾನು ವಿಮಾನ ಹಾರಿಸೋದು ಕಲೀತೀನಿ" ಅಂದಳೋ, ಮನೆಯಲ್ಲಿ ಎರಡೇ ಬಗೆಯ ಉತ್ತರ. ಒಂದು, "ನಿನಗೇನು ತಲೆ ಕೆಟ್ಟಿದೆಯೇನೇ?" ಇನ್ನೊಂದು, ಅಪ್ಪನಿಗೆ ಉತ್ಸಾಹ ಬಂದುಬಿಟ್ಟರೆ, ಕಣ್ಣಿಗೆ ಬಿದ್ದ ಮೊದಲ ಜಾಹೀರಾತು ಹಿಡಿದು ಹೋಗಿ ದುಡ್ಡು ಕಟ್ಟಿ ಬರುವುದು. ಮೊದಲ ಉತ್ತರದಿಂದ ಹುಡುಗಿಯ ಆಸೆ ಹೋಗುತ್ತದೆ. ಎರಡನೆಯದರಿಂದ ಮನೆಯ ಸೈಟು ಹೋಗಬಹುದು.

ನಮ್ಮ ಅಕ್ಕನ ಮನೆಯಲ್ಲಿ ಆದದ್ದು ಎರಡನೆಯದು.

ಹುಡುಗಿ ಹೊರ ರಾಜ್ಯದ ಒಂದು ಶಾಲೆಗೆ ಸೇರಿದಳು. ಹೆಸರು ಬೇಡ ಬಿಡಿ. ಗಾಜಿನ ಆಫೀಸು, ಗೋಡೆ ತುಂಬ ಟೋಪಿ ಹಾಕಿದ ಪೈಲಟ್‌ಗಳ ಫೋಟೋ, ಹೋಗಿ ಕೂತೊಡನೆ ಬಾದಾಮಿ ಹಾಲು. ಪೂರ್ತಿ ಹಣ ಒಂದೇ ಕಂತಿನಲ್ಲಿ ಕಟ್ಟಿದರೆ ರಿಯಾಯಿತಿ ಅಂದರಂತೆ. ಭಾವ ಊರ ಹೊರಗಿದ್ದ ಸೈಟು ಮಾರಿದರು, ಅಕ್ಕ ಎರಡೆಳೆ ಸರ ಬ್ಯಾಂಕಿನಲ್ಲಿಟ್ಟಳು. ಆಮೇಲೆ ನೋಡಿದರೆ, ಅಲ್ಲಿದ್ದ ಆರು ವಿಮಾನಗಳಲ್ಲಿ ಹಾರುವ ಸ್ಥಿತಿಯಲ್ಲಿದ್ದುದು ಎರಡು. ನಾನು ಫೋನ್ ಮಾಡಿದಾಗಲೆಲ್ಲ "ಇವತ್ತು ಮೋಡ ಚಿಕ್ಕಮ್ಮ", "ಇವತ್ತು ಸರ್ ರಜಾ", "ಯಾವುದೋ ಬಿಡಿಭಾಗ ಬರಬೇಕಂತೆ" — ಇದೇ ಮಾತು. ಹದಿನಾಲ್ಕು ತಿಂಗಳಲ್ಲಿ ಅವಳು ಹಾರಿದ್ದು ಹತ್ತೊಂಬತ್ತು ಗಂಟೆ. ಕೊನೆಗೆ ಬಿಟ್ಟು ಬಂದಾಗ ಹಣದಲ್ಲಿ ಅರ್ಧವೂ ವಾಪಸಾಗಲಿಲ್ಲ.

ಹುಡುಗಿ ಮಾತ್ರ ಹಟ ಬಿಡಲಿಲ್ಲ. ಎರಡನೆಯ ಸಲ ಶಾಲೆ ಹುಡುಕುವಾಗ ಅಕ್ಕ ಭಾವನನ್ನು ಮನೆಯಲ್ಲೇ ಬಿಟ್ಟು ನನ್ನನ್ನು ಜೊತೆಗೆ ಕರೆದುಕೊಂಡು ಹೊರಟಳು. "ಗಂಡಿನ ಮನೆ ನೋಡೋಕೆ ಹೋದಾಗ ನಾವು ಹಿತ್ತಲಿನ ಬಚ್ಚಲ ತನಕ ಕಣ್ಣು ಹಾಯಿಸಿ ಬರ್ತೀವಿ. ಇವರು ಹಜಾರದಲ್ಲಿ ಹಾಲು ಕುಡಿದು ಎದ್ದು ಬಂದರು, ಅದಕ್ಕೇ ಹೀಗಾಯ್ತು" ಎಂಬುದು ಅವಳ ವಾದ. ಮೂರು ಶಾಲೆ ಸುತ್ತಿದೆವು. ಆಗ ಕಂಡದ್ದು, ಕೇಳಿದ್ದು, ಆಮೇಲೆ ಓದಿ ತಿಳಿದದ್ದು ನಿಮಗೂ ಬೇಕಾದೀತು ಎಂದು ಬರೆಯುತ್ತಿದ್ದೇನೆ.

ಮೊದಲಿಗೆ, ಕಲಿಯುವುದು ಏನನ್ನು ಎಂಬುದು ಸ್ಪಷ್ಟವಿರಲಿ. ವಿಮಾನ ಕಂಪನಿಯಲ್ಲಿ ಸಂಬಳಕ್ಕೆ ಹಾರಿಸಲು ಬೇಕಾದದ್ದು ಕಮರ್ಷಿಯಲ್ ಲೈಸೆನ್ಸ್, ಅಂದರೆ ಸಿ.ಪಿ.ಎಲ್. ಅದಕ್ಕೆ 200 ಗಂಟೆ ಹಾರಿರಬೇಕು. ಖರ್ಚು ನಲವತ್ತು ಐವತ್ತು ಲಕ್ಷದ ಮಾತು. ಅದಕ್ಕಿಂತ ಕೆಳಗಿನ ಮೆಟ್ಟಿಲು ಖಾಸಗಿ ಪೈಲಟ್ ಲೈಸೆನ್ಸ್, ಪಿ.ಪಿ.ಎಲ್. ನಾವು ಸ್ವಂತ ಕಾರಿಗೆ ಲೈಸೆನ್ಸ್ ಮಾಡಿಸಿದ ಹಾಗೆ ಇದು. ವಿಮಾನ ಹಾರಿಸಬಹುದು, ಪಕ್ಕದಲ್ಲಿ ಅಮ್ಮನನ್ನು ಕೂರಿಸಿಕೊಳ್ಳಬಹುದು, ಆದರೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹತ್ತನೆಯ ತರಗತಿ ಪಾಸಾಗಿ 17 ವರ್ಷ ತುಂಬಿದ್ದರೆ ಪಿ.ಪಿ.ಎಲ್. ಪಡೆಯಬಹುದು. ಕಲಿಕೆಯ ಪರವಾನಗಿ 16ಕ್ಕೇ ಸಿಗುತ್ತದೆ. ಕನಿಷ್ಠ 40 ಗಂಟೆ ಹಾರಾಟ, ಅದರಲ್ಲಿ 20 ಗಂಟೆ ಒಬ್ಬರೇ ಹಾರಿರಬೇಕು. ಅದರೊಳಗೆ 150 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ, ಅಂದರೆ ನಮ್ಮ ಲೆಕ್ಕದಲ್ಲಿ 278 ಕಿಲೋಮೀಟರಿನ ಒಂದು ಪಯಣವೂ ಇರಬೇಕು. ದಾರಿಯಲ್ಲಿ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿಸಿ ಏರಿಸಿ ವಾಪಸು ಬರಬೇಕು. ಇದಲ್ಲದೆ ಹವೆ, ದಿಕ್ಕುದಾರಿ, ಕಾಯಿದೆ ಮುಂತಾದುವಕ್ಕೆ ಪರೀಕ್ಷೆ, ರೇಡಿಯೋದಲ್ಲಿ ಮಾತಾಡಲು ಬೇರೆ ಲೈಸೆನ್ಸು.

ಹುಡುಗಿಗೆ ಕೊನೆಗೆ ಸಿ.ಪಿ.ಎಲ್. ಬೇಕೆಂದಿದ್ದರೂ ಪಿ.ಪಿ.ಎಲ್. ಅಳತೆಗೆ ಮೊದಲು ಶಾಲೆ ನೋಡುವುದು ಜಾಣತನ. 40 ಗಂಟೆ ಸರಿಯಾಗಿ ಕಲಿಸದ ಶಾಲೆ 200 ಗಂಟೆ ಕಲಿಸೀತೇ?

ಎಳೆ ಹುಡುಗಿಯರಿಗೆ ಮಾತ್ರ ಇದು ಎಂದುಕೊಳ್ಳಬೇಡಿ. ಪಿ.ಪಿ.ಎಲ್.ಗೆ ಮೇಲಿನ ವಯಸ್ಸಿನ ಮಿತಿ ಇಲ್ಲ, ಆರೋಗ್ಯ ಸರಿಯಿದ್ದರಾಯಿತು. ನಮ್ಮ ದೇಶದಲ್ಲಿ ಪೈಲಟ್ ಲೈಸೆನ್ಸ್ ಪಡೆದ ಮೊದಮೊದಲ ಮಹಿಳೆಯರಲ್ಲಿ ಒಬ್ಬರಾದ ಸರಳಾ ಠಕ್ರಾಲ್, 1936ರಲ್ಲಿ ಲಾಹೋರಿನಲ್ಲಿ ಸೀರೆಯುಟ್ಟುಕೊಂಡೇ ಜಿಪ್ಸಿ ಮಾತ್ ವಿಮಾನ ಹತ್ತಿದಾಗ ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು. ನಮ್ಮ ಜಕ್ಕೂರಿನ ಕಥೆ ಇನ್ನೂ ಹತ್ತಿರದ್ದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ 1949ರಲ್ಲಿ ಮೊತ್ತಮೊದಲಿಗೆ ಕಲಿತು ಹೊರಬಂದವರು ಗಂಡಸಲ್ಲ, ಉಷಾ ಸುಂದರಂ. ಅವರ ಪತಿ ಕ್ಯಾಪ್ಟನ್ ಸುಂದರಂ ಮೈಸೂರು ಮಹಾರಾಜರ ವಿಮಾನ ನಡೆಸುತ್ತಿದ್ದವರು. ಗಂಡ ಹೆಂಡತಿ ಸೇರಿ 1951ರಲ್ಲಿ ಲಂಡನ್ನಿನಿಂದ ಮುಂಬಯಿಗೆ ಒಂದು ಡವ್ ವಿಮಾನವನ್ನು 27 ಗಂಟೆಯೊಳಗೆ ತಂದು ದಾಖಲೆ ಮಾಡಿದರು. ಈಗ ನಮ್ಮ ದೇಶದ ಪೈಲಟ್‌ಗಳಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಹೆಂಗಸರು. ಬೇರೆ ದೇಶಗಳ ಸರಾಸರಿಗಿಂತ ಇದು ಎಷ್ಟೋ ಹೆಚ್ಚು. ಆದ್ದರಿಂದ "ಹೆಣ್ಣುಮಕ್ಕಳಿಗ್ಯಾಕೆ" ಎನ್ನುವ ಮಾವನವರಿಗೆ ಇಷ್ಟು ಹೇಳಿ ಮುಂದೆ ಹೋಗೋಣ.

ಶಾಲೆ ನೋಡುವುದಕ್ಕೂ ಮೊದಲು ಮಾಡಬೇಕಾದದ್ದು ವೈದ್ಯಕೀಯ ಪರೀಕ್ಷೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಫೀಸು ಕಟ್ಟಿದ ಮೇಲೆ ಪರೀಕ್ಷೆಗೆ ಹೋಗಿ ತೊಂದರೆಗೆ ಸಿಕ್ಕವರಿದ್ದಾರೆ. ಪಿ.ಪಿ.ಎಲ್.ಗೆ ಎರಡನೆ ದರ್ಜೆಯ ಪರೀಕ್ಷೆ ಸಾಕು. ಇದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರೂ ಡಿ.ಜಿ.ಸಿ.ಎ. ಎನ್ನುತ್ತಾರಲ್ಲ, ಅದು ಒಪ್ಪಿದ ವೈದ್ಯರೇ ಮಾಡಬೇಕು, ನಮ್ಮ ಬೀದಿ ಡಾಕ್ಟರ ಚೀಟಿ ನಡೆಯದು. ಸಿ.ಪಿ.ಎಲ್.ಗೆ ಮೊದಲ ದರ್ಜೆಯದು ಬೇಕು. ಅದನ್ನು ಮಾಡುವ ಸ್ಥಳಗಳಲ್ಲಿ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯ ಸಂಸ್ಥೆಯೂ ಒಂದು. ಕನ್ನಡಕ ಇದ್ದರೆ ಹೆದರಬೇಕಿಲ್ಲ, ಕನ್ನಡಕದಿಂದ ಸರಿಯಾಗಿ ಕಾಣಬೇಕು ಅಷ್ಟೆ. ಕೆಂಪು ಹಸಿರು ಬಣ್ಣ ಬೇರೆಬೇರೆ ಕಾಣುತ್ತದೆಯೇ ಎಂದು ನೋಡುತ್ತಾರೆ, ಕಿವಿ, ಎದೆ, ರಕ್ತ, ಮೂತ್ರ ನೋಡುತ್ತಾರೆ. ನಮ್ಮ ಹೆಣ್ಣುಮಕ್ಕಳು ಸಾಮಾನ್ಯವಾಗಿ ಎಡವುವುದು ರಕ್ತದಲ್ಲಿ. ಹಿಮೊಗ್ಲೋಬಿನ್ ಕಡಿಮೆ ಬಂದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಮೂರು ತಿಂಗಳು ಮೊದಲೇ ಒಮ್ಮೆ ರಕ್ತ ತೋರಿಸಿಕೊಂಡು, ನುಗ್ಗೆಸೊಪ್ಪು, ದಂಟು, ರಾಗಿ, ಹುರುಳಿ ಊಟದಲ್ಲಿ ಸೇರಿಸಿ, ಡಾಕ್ಟರು ಹೇಳಿದರೆ ಮಾತ್ರೆಯನ್ನೂ ಕೊಡಿ. ಊಟ ಮುಗಿಯುತ್ತಲೇ ಕಾಫಿ ಕುಡಿಯುವ ಅಭ್ಯಾಸ ಬಿಡಿಸಿ, ತಿಂದ ಸೊಪ್ಪಿನ ಕಬ್ಬಿಣವನ್ನು ಅದು ಮೈಗೆ ಹತ್ತಲು ಬಿಡುವುದಿಲ್ಲ.

ಈಗ ಶಾಲೆಗೆ ಬರೋಣ.

ಪೇಟೆಯಲ್ಲಿ "ಏವಿಯೇಷನ್ ಅಕಾಡೆಮಿ" ಎಂಬ ಬೋರ್ಡು ಕಂಡ ಕಡೆಯೆಲ್ಲ ವಿಮಾನ ಇರುತ್ತದೆ ಎಂದು ನಂಬಬೇಡಿ. ಕೆಲವು ಕಡೆ ಕಲಿಸುವುದು ಗಗನಸಖಿಯ ಕೆಲಸ. ಕೆಲವು ಕಡೆ ಪರೀಕ್ಷೆಯ ಪಾಠ ಮಾತ್ರ, ಹಾರಲು ಬೇರೆಲ್ಲಿಗೋ ಕಳಿಸುತ್ತಾರೆ, ನಡುವೆ ತಮ್ಮ ಪಾಲು ಇಟ್ಟುಕೊಳ್ಳುತ್ತಾರೆ. ಹಾರಾಟ ಕಲಿಸಲು ಡಿ.ಜಿ.ಸಿ.ಎ. ಮಾನ್ಯತೆ ಬೇಕೇ ಬೇಕು. ಮಾನ್ಯತೆ ಪಡೆದ ಶಾಲೆಗಳ ಪಟ್ಟಿಯನ್ನು ಅದೇ ಪ್ರಕಟಿಸುತ್ತದೆ. ಮಾನ್ಯತೆಯ ಪತ್ರ ಎಂದಿನವರೆಗೆ ಎಂಬುದನ್ನು ಕಣ್ಣಾರೆ ನೋಡಿ. 2025ರಲ್ಲಿ ಡಿ.ಜಿ.ಸಿ.ಎ. ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಸುರಕ್ಷತೆ, ತರಬೇತಿಗೆ ಹಿಡಿಯುವ ಕಾಲ ಮುಂತಾದುವನ್ನು ಅಳೆದು ಶಾಲೆಗಳಿಗೆ ದರ್ಜೆ ಕೊಡಲು ಶುರುಮಾಡಿತು. ಮೊದಲ ಪಟ್ಟಿಯಲ್ಲಿ ಮೇಲಿನ ದರ್ಜೆ ಒಂದು ಶಾಲೆಗೂ ಸಿಗಲಿಲ್ಲ! ಗಾಜಿನ ಆಫೀಸಿನವರು ಏನೇ ಹೇಳಲಿ, ನೀವು ಹೋಗುವ ಮುನ್ನ ಆ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿದೆ ನೋಡಿಕೊಳ್ಳಿ.

ಶಾಲೆಗೆ ಹಿತ್ತಲೆಂದರೆ ಹ್ಯಾಂಗರು, ವಿಮಾನ ನಿಲ್ಲಿಸುವ ದೊಡ್ಡ ಷೆಡ್ಡು. "ಹ್ಯಾಂಗರು ನೋಡಬೇಕಿತ್ತು" ಎಂದು ಅಕ್ಕ ಕೇಳಿದಾಗ ಒಂದು ಕಡೆ "ಮೇಡಂ, ಅಲ್ಲಿ ಬರೀ ಎಣ್ಣೆ, ಗ್ರೀಸು, ಸೀರೆ ಕೊಳೆ ಆಗುತ್ತೆ" ಅಂದರು. ಸೀರೆಗೆ ಸೋಪಿದೆ ಎಂದಳು ಅಕ್ಕ. ಒಳಗೆ ಹೋದರೆ ಒಂದು ವಿಮಾನಕ್ಕೆ ಚಕ್ರವಿಲ್ಲ, ಇನ್ನೊಂದರ ಮೇಲೆ ಪಾರಿವಾಳ. ಎಷ್ಟು ವಿಮಾನ ಇದೆ ಎಂದು ಕೇಳಬೇಡಿ, ಇವತ್ತು ಬೆಳಿಗ್ಗೆ ಎಷ್ಟು ಹಾರಿದವು ಎಂದು ಕೇಳಿ. ಷೆಡ್ಡಿನಲ್ಲಿ ನಿಂತ ವಿಮಾನವೆಲ್ಲ ಕೆಟ್ಟದ್ದೆಂದೂ ಅಲ್ಲ. ಇಂತಿಷ್ಟು ಗಂಟೆ ಹಾರಿದ ಮೇಲೆ ಎಂಜಿನ್ ಬಿಚ್ಚಿ ನೋಡಲೇಬೇಕೆಂಬ ನಿಯಮವಿದೆ. ಅದನ್ನು ಅಲ್ಲೇ ಮಾಡಲು ಸ್ವಂತ ಎಂಜಿನಿಯರು ಇದ್ದಾರೋ, ಹೊರಗಿನಿಂದ ಬರುವ ತನಕ ಕಾಯಬೇಕೋ ಎಂಬುದೇ ಪ್ರಶ್ನೆ.

ಇನ್ನು ನಮ್ಮ ಅಡುಗೆಮನೆ ಲೆಕ್ಕ. ಅಕ್ಕಿ ಇಷ್ಟಿದೆ, ಉಣ್ಣುವ ಬಾಯಿ ಇಷ್ಟಿವೆ, ತಿಂಗಳು ಬರುತ್ತದೆಯೇ ಎಂದು ನೋಡುತ್ತೇವಲ್ಲ, ಹಾಗೇ. ಹಾರುವ ವಿಮಾನ ನಾಲ್ಕು ಎನ್ನಿ. ಒಂದೊಂದು ದಿನಕ್ಕೆ ಐದು ಗಂಟೆ, ತಿಂಗಳಿಗೆ ಇಪ್ಪತ್ತೆರಡು ದಿನ ಹಾರಿದರೆ ಒಟ್ಟು 440 ಗಂಟೆ. ವಿದ್ಯಾರ್ಥಿಗಳು ಅರವತ್ತು ಮಂದಿ ಇದ್ದರೆ ತಲೆಗೆ ಏಳು ಗಂಟೆ ಚಿಲ್ಲರೆ. ಅಂದರೆ ಪಿ.ಪಿ.ಎಲ್.ನ 40 ಗಂಟೆಗೆ ಐದೂವರೆ ತಿಂಗಳು, 200 ಗಂಟೆಗೆ ಎರಡು ವರ್ಷ ಮೂರು ತಿಂಗಳು. ಅದೂ ಮಳೆ ಇಲ್ಲ, ರಜೆ ಇಲ್ಲ, ವಿಮಾನ ಕೆಡುವುದಿಲ್ಲ ಎಂದಿಟ್ಟುಕೊಂಡು. ಅವರು "ಎಂಟೇ ತಿಂಗಳಲ್ಲಿ ಸಿ.ಪಿ.ಎಲ್." ಎಂದರೆ ಪೆನ್ಸಿಲ್ ಹಿಡಿದು ಎದುರಿಗೇ ಲೆಕ್ಕ ಹಾಕಿ ತೋರಿಸಿ. ಅಕ್ಕ ಒಂದು ಕಡೆ ಹೀಗೆ ಮಾಡಿದಾಗ ಆ ಮ್ಯಾನೇಜರು ಎರಡು ಸಲ ಫ್ಯಾನಿನ ಸ್ಪೀಡು ಹೆಚ್ಚಿಸಿದರು.

ಈ ಲೆಕ್ಕ ಯಾಕೆ ಮುಖ್ಯ ಎಂದರೆ, ಹಾರಾಟ ಬಿಟ್ಟು ಬಿಟ್ಟು ಕಲಿಯುವ ವಿದ್ಯೆಯಲ್ಲ. ಹೋಳಿಗೆ ಕೈ ಹತ್ತುವುದು ಹೇಗೆ? ದಿನಾ ನಾಲ್ಕು ತಟ್ಟಿದರೆ ಹತ್ತುತ್ತದೆ, ಯುಗಾದಿಗೊಮ್ಮೆ ತಟ್ಟಿದರೆ ಪ್ರತಿ ಯುಗಾದಿಗೂ ಹೂರಣ ಹೊರಗೆ. ವಾರಕ್ಕೆ ಮೂರು ಸಲ ಹಾರುವ ಹುಡುಗಿ ಕಲಿತದ್ದನ್ನು ಉಳಿಸಿಕೊಳ್ಳುತ್ತಾಳೆ. ತಿಂಗಳಿಗೊಮ್ಮೆ ಹಾರುವವಳು ಹಿಂದಿನ ಪಾಠವನ್ನೇ ಮತ್ತೆ ಮಾಡಬೇಕು, ಮತ್ತೆ ಮಾಡಿದ ಗಂಟೆಗೂ ದುಡ್ಡು ಕೊಡಬೇಕು. 40 ಎಂಬುದು ಕನಿಷ್ಠ. ಅದನ್ನು ದಾಟಿ ಐವತ್ತು ಅರವತ್ತು ಗಂಟೆ ಹಿಡಿಯುವುದು ಅಪರೂಪವಲ್ಲ. ಗಂಟೆಯ ದರ ಸಾವಿರ ಎರಡು ಸಾವಿರ ಕಡಿಮೆ ಎಂದು ದೂರದ ಶಾಲೆಗೆ ಕಳಿಸಿ, ಅಲ್ಲಿ ಗಂಟೆಗಳೇ ಇಪ್ಪತ್ತು ಹೆಚ್ಚಾದರೆ ಉಳಿಸಿದ್ದೇನು?

ಹತ್ತಿರದ ಶಾಲೆ ಎನ್ನುವುದಕ್ಕೆ ಇದೂ ಒಂದು ಕಾರಣ. ನೀವು ಎರಡು ವಾರಕ್ಕೊಮ್ಮೆ ಹೋಗಿ ನೋಡಿ ಬರಬಹುದು, ಮಗಳು ಮಳೆಯ ವಾರದಲ್ಲಿ ಮನೆಗೆ ಬಂದು ಪರೀಕ್ಷೆಗೆ ಓದಬಹುದು. ನಮ್ಮ ರಾಜ್ಯದಲ್ಲಿ ಜಕ್ಕೂರಲ್ಲದೆ ಮೈಸೂರಿನ ಮಂಡಕಳ್ಳಿಯಲ್ಲಿ ತರಬೇತಿ ಬಂತು. 2021ರ ಸುಮಾರಿಗೆ ವಿಮಾನ ನಿಲ್ದಾಣ ಪ್ರಾಧಿಕಾರ ತರಬೇತಿಗೆ ಆರಿಸಿದ ಊರುಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಸೇರಿದವು. ಆದರೆ ಹತ್ತಿರ ಎಂದ ಮಾತ್ರಕ್ಕೆ ಒಳ್ಳೆಯದೆಂದಲ್ಲ. ಜಕ್ಕೂರಿನಂಥ ಹಳೆಯ, ದೊಡ್ಡ ಹೆಸರಿನ ಕಡೆಯಲ್ಲೇ ಹಾರಾಟ ನಿಂತು ಮತ್ತೆ ಶುರುವಾದದ್ದುಂಟು. ಎಲ್ಲಿಗೇ ಹೋಗಲಿ, ಈ ತಿಂಗಳು ಅಲ್ಲಿ ಹಾರಾಟ ನಡೆಯುತ್ತಿದೆಯೇ ಎಂದು ನೋಡಿಯೇ ಸೇರಿಸಿ.

ಆಕಾಶಕ್ಕೂ ಊರೂರಿಗೆ ಗುಣ ಬೇರೆ. ಕಲಿಯುವವರ ಪುಟ್ಟ ವಿಮಾನಕ್ಕೆ ಬೆಳಗಿನ ತಣ್ಣನೆಯ, ನಿಶ್ಚಲ ಗಾಳಿ ಹಿತ. ಬಿಸಿಲೇರಿದರೆ ಗಾಳಿ ಹಗುರಾಗಿ ರೆಕ್ಕೆ ಎತ್ತುವ ಶಕ್ತಿ ಕಡಿಮೆಯಾಗುತ್ತದೆ, ಎತ್ತಿನ ಗಾಡಿಯ ಹಾಗೆ ಕುಲುಕಾಟವೂ ಜಾಸ್ತಿ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಎಂದು ಅಲ್ಲಿನವರಿಗೆ ನಾನೇನು ಹೇಳಲಿ? ಬೆಳಗಾವಿಯಲ್ಲಾದರೆ ಜೂನ್‌ನಿಂದ ಮಳೆ ಮೋಡದ ಕಾಟ. ದೊಡ್ಡ ವಿಮಾನಗಳು ಹೆಚ್ಚಾಗಿ ಬಂದು ಹೋಗುವ ನಿಲ್ದಾಣವಾದರೆ ಅವಕ್ಕೆ ದಾರಿ ಬಿಟ್ಟು ಇವರು ಕಾಯಬೇಕು. ಹಾಗೆ ಎಂಜಿನ್ ಚಾಲೂ ಇಟ್ಟು ಕಾಯುವ ಹೊತ್ತಿಗೂ ಬಿಲ್ಲು ಹಾಕುತ್ತಾರೆಯೇ ಎಂದು ಕೇಳಲು ಮರೆಯಬೇಡಿ. ಆಟೋದ ವೇಟಿಂಗ್ ಚಾರ್ಜಿನ ಹಾಗೆ ಅದು ಬೆಳೆಯುತ್ತದೆ.

ಹಣದ ಮಾತಿನಲ್ಲಿ ದಾಕ್ಷಿಣ್ಯ ಬೇಡ. ಒಂದೇ ಕಂತಿನಲ್ಲಿ ಕಟ್ಟಬೇಡಿ, ಎಷ್ಟು ರಿಯಾಯಿತಿ ಕೊಟ್ಟರೂ ಕಟ್ಟಬೇಡಿ. ಹಾರಿದಷ್ಟಕ್ಕೆ ಕೊಡುವ ಪದ್ಧತಿ ಎಲ್ಲಕ್ಕಿಂತ ಮೇಲು, ಅದಾಗದಿದ್ದರೆ ಹತ್ತು ಹತ್ತು ಗಂಟೆಗೆ ಒಂದು ಕಂತು. ಗಂಟೆಯ ದರದಲ್ಲಿ ಪೆಟ್ರೋಲು, ಇಳಿದಾಣದ ಶುಲ್ಕ, ಇನ್‌ಸ್ಟ್ರಕ್ಟರ ಫೀಸು, ತೆರಿಗೆ ಸೇರಿದೆಯೋ ಇಲ್ಲವೋ, ಹಾಸ್ಟೆಲ್ಲು, ಪಾಠ, ಯೂನಿಫಾರಂ ಬೇರೆಯೋ, ನಡುವೆ ಬಿಟ್ಟರೆ ಎಷ್ಟು ವಾಪಸು, ಎಷ್ಟು ದಿನದಲ್ಲಿ — ಎಲ್ಲವೂ ಕಾಗದದ ಮೇಲೆ, ಸಹಿ ಸಮೇತ. ನಮ್ಮ ಭಾವನ ಬಳಿ ಇದ್ದದ್ದು ಒಂದು ರಸೀದಿ, ಬಣ್ಣದ ಪುಸ್ತಿಕೆ. ಆಮೇಲೆ ಹಳೆಯ ಶಾಲೆಯಿಂದ ಹುಡುಗಿಯ ಹಾರಾಟದ ದಾಖಲೆ ಬಿಡಿಸಿಕೊಳ್ಳಲು ಅವರು ಮೂರು ಸಲ ರೈಲು ಹತ್ತಬೇಕಾಯಿತು.

ಆ ದಾಖಲೆಯೇ ಲಾಗ್‌ಬುಕ್. ಪ್ರತಿ ಹಾರಾಟದ ದಿನ, ವಿಮಾನ, ಹೊತ್ತು ಅದರಲ್ಲಿ ಬರೆದು ಸಹಿ ಬೀಳಬೇಕು. ಹಾರದ ಗಂಟೆಗಳನ್ನು ಹಾರಿದಂತೆ ಬರೆದುಕೊಟ್ಟ ಪ್ರಕರಣಗಳು 2011ರಲ್ಲಿ ಬಯಲಾಗಿ, ಪೊಲೀಸು ಕೋರ್ಟು ಎಲ್ಲ ಆಯಿತು. "ಬೇಗ ಮುಗಿಸಿಕೊಡ್ತೀವಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಣ" ಎಂದು ಯಾರಾದರೂ ಅಂದರೆ ಚೀಲ ತೆಗೆದುಕೊಂಡು ಎದ್ದು ಬನ್ನಿ. ಬರೆದ ಸುಳ್ಳು ಗಂಟೆ ಲೈಸೆನ್ಸ್ ತಂದೀತು, ಗಾಳಿ ಎದ್ದಾಗ ನಿಮ್ಮ ಮಗಳ ಕೈಗೆ ಬುದ್ಧಿ ತರುವುದಿಲ್ಲ.

ನಿಮಗೆ ನಿದ್ದೆಗೆಡಿಸುವ ಪ್ರಶ್ನೆ ಯಾವುದೆಂದು ನನಗೆ ಗೊತ್ತು. ಬಿದ್ದರೆ? ಅಪಾಯವೇ ಇಲ್ಲ ಎನ್ನುವ ಶಾಲೆಯನ್ನು ನಂಬಬೇಡಿ. 2023ರ ಮೇ ಕೊನೆಯಲ್ಲಿ ಬೆಳಗಾವಿ ಬಳಿಯ ಹೊನ್ನಿಹಾಳದಲ್ಲಿ ಒಂದು ತರಬೇತಿ ವಿಮಾನ ತೊಂದರೆಗೆ ಸಿಕ್ಕಿ ಹೊಲದಲ್ಲಿ ಇಳಿಯಬೇಕಾಯಿತು, ಒಳಗಿದ್ದ ಇಬ್ಬರೂ ಬದುಕಿಕೊಂಡರು. ಎಂಜಿನ್ ನಿಂತರೂ ಇಂಥ ಪುಟ್ಟ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ಜಾರುತ್ತ ಇಳಿಯುತ್ತದೆ. ಬಯಲು ಹುಡುಕಿ ಇಳಿಸುವುದನ್ನು ಪಾಠದಲ್ಲೇ ಮತ್ತೆ ಮತ್ತೆ ಮಾಡಿಸುತ್ತಾರೆ. ಕೇಳಬೇಕಾದದ್ದು, ಈ ಶಾಲೆಯಲ್ಲಿ ಹಿಂದೆ ಏನಾಗಿತ್ತು, ಆಮೇಲೆ ಏನು ಬದಲಾಯಿಸಿದಿರಿ ಎಂದು. ನಾವು ನೋಡಿದ ಮೂರರಲ್ಲಿ ಒಂದು ಕಡೆ ಮುಖ್ಯ ಇನ್‌ಸ್ಟ್ರಕ್ಟರು ಮುಖ ಗಂಟು ಹಾಕದೆ, ತಮ್ಮಲ್ಲಿ ಆದ ಒಂದು ತಪ್ಪನ್ನು ತಾವೇ ಹೇಳಿದರು. "ಗಾಳಿ ಸರಿ ಇಲ್ಲ ಅಂದ್ರೆ ಹಾರಿಸಲ್ಲ ಅಮ್ಮ, ಆಗ ಪೋಷಕರು ಫೋನ್ ಮಾಡಿ ಬೈತಾರೆ" ಅಂದರು. ಅಕ್ಕ ಆ ಶಾಲೆಯನ್ನೇ ಆರಿಸಿದಳು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತಿದೆ. ಎರಡು ಸೀಟಿನ ವಿಮಾನದಲ್ಲಿ ಹುಡುಗಿ, ಇನ್‌ಸ್ಟ್ರಕ್ಟರು ಇಬ್ಬರೇ. ಕಲಿಸುವವರಲ್ಲಿ ಹೆಂಗಸರಿದ್ದಾರೆಯೇ, ಇನ್‌ಸ್ಟ್ರಕ್ಟರನ್ನು ಬದಲಾಯಿಸಿ ಎಂದು ಹುಡುಗಿ ಕೇಳಿದರೆ ಕಾರಣ ಕೆದಕದೆ ಬದಲಾಯಿಸುತ್ತಾರೆಯೇ, ದೂರು ಯಾರಿಗೆ ಕೊಡಬೇಕು, ಹಾಸ್ಟೆಲ್ಲಿನಿಂದ ರನ್‌ವೇಗೆ ಕತ್ತಲಿರುವಾಗಲೇ ಹೊರಡುವ ಗಾಡಿಯಲ್ಲಿ ಯಾರಿರುತ್ತಾರೆ — ಇದನ್ನೆಲ್ಲ ಕೇಳುವುದು ಅನುಮಾನವಲ್ಲ, ತಾಯಿಯ ಕೆಲಸ. ಕಿರುಚಾಡುವ ಗುರುಗಳೂ ಇರುತ್ತಾರೆ. ಸಂಗೀತದಲ್ಲಿ ಗುರು ಗದರಿದರೆ ಸ್ವರ ತಪ್ಪುತ್ತದೆ, ಅಷ್ಟೆ. ಇಲ್ಲಿ ಹೆದರಿದ ಕೈ ಕೋಲು ಹಿಡಿದಿರುತ್ತದೆ.

ಇಷ್ಟು ಖರ್ಚಿಗೆ ಮೊದಲು ಹುಡುಗಿಗೆ ನಿಜವಾಗಿಯೂ ಮನಸ್ಸಿದೆಯೇ ನೋಡಬೇಕೆಂದರೆ, ಕಾಲೇಜಿನ ಎನ್.ಸಿ.ಸಿ. ವಾಯುದಳಕ್ಕೆ ಸೇರಿಸಿ. ಅಲ್ಲಿ ಪುಟ್ಟ ಮೈಕ್ರೋಲೈಟ್ ವಿಮಾನದಲ್ಲಿ ಕೂರುವ ಅವಕಾಶವಿದೆ. ಶಾಲೆಗೆ ಸೇರುವ ಮುನ್ನ ಒಂದು ಹಾರಾಟ ಕೂರಿಸಿಕೊಂಡು ಹೋಗಿ ಬರುತ್ತೀರಾ ಎಂದು ಕೇಳಿಯೂ ನೋಡಿ. ಆ ದಿನ ಬರೀ ಹೊಟ್ಟೆಯಲ್ಲೂ ಬೇಡ, ಪೂರಿ ಸಾಗೂ ಬೇಡ. ಎರಡು ಇಡ್ಲಿ, ಬಾಯಲ್ಲೊಂದು ಒಣಶುಂಠಿ ಚೂರು. ನಮ್ಮ ಹುಡುಗಿಗೆ ಮೊದಮೊದಲು ಹೊಟ್ಟೆ ತೊಳಸುತ್ತಿತ್ತು, ನಾಲ್ಕಾರು ಹಾರಾಟಕ್ಕೆ ಸರಿಹೋಯಿತು. ಎರಡನೆಯ ಶಾಲೆಯಲ್ಲಿ ಐದು ತಿಂಗಳಿಗೆ ಅವಳ ಪಿ.ಪಿ.ಎಲ್. ಗಂಟೆಗಳು ಮುಗಿದವು. ಮೊದಲ ಸಲ ಒಬ್ಬಳೇ ಹಾರಿ ಇಳಿದ ದಿನ ಗೆಳತಿಯರು ಬಕೆಟ್ ಬಕೆಟ್ ನೀರು ಸುರಿದರಂತೆ, ಅದು ಅಲ್ಲಿನ ಪದ್ಧತಿ. ಅಕ್ಕನಿಗೆ ಫೋಟೋ ಬಂದಾಗ "ಶೀತ ಆಗುತ್ತಲ್ಲೇ" ಎಂದು ಬಯ್ದು ಒಳಗೆ ಹೋಗಿ ಅತ್ತಳು. ಎರಡೆಳೆ ಸರ ಇನ್ನೂ ಬ್ಯಾಂಕಿನಲ್ಲೇ ಇದೆ.

ಕೊನೆಯದಾಗಿ ಒಂದು ಉಪಾಯ. ಶಾಲೆ ನೋಡಲು ಹೋಗುವಾಗ ಹೇಳದೆ ಹೋಗಿ, ಬೆಳಿಗ್ಗೆ ಏಳಕ್ಕೇ ಬೇಲಿಯ ಹೊರಗಿರಿ. ಎಷ್ಟು ವಿಮಾನ ಏರುತ್ತವೆ, ಎಷ್ಟು ಇಳಿಯುತ್ತವೆ ಎಣಿಸಿ. ಮಧ್ಯಾಹ್ನ ಹಾರಾಟ ನಿಂತ ಮೇಲೆ ಮಕ್ಕಳು ಮರದಡಿ ಬಂದು ಕೂರುತ್ತಾರೆ. ಯಾವಾಗ ಸೇರಿದಿರಿ, ಎಷ್ಟು ಗಂಟೆ ಆಯಿತು, ನಿಮ್ಮ ತಂಗಿಯನ್ನು ಇಲ್ಲಿಗೆ ಸೇರಿಸುತ್ತೀರಾ ಎಂದು ಅವರನ್ನು ಕೇಳಿ. ಆಫೀಸಿನವರ ಎದುರು ಅವರು ಬಾಯಿ ಬಿಡುವುದಿಲ್ಲ. ನಾವು ದೊಡ್ಡ ಡಬ್ಬಿಯಲ್ಲಿ ಪುಳಿಯೋಗರೆ, ಹಪ್ಪಳ ಕಟ್ಟಿಕೊಂಡು ಹೋಗಿದ್ದೆವು. ಮೊಸರನ್ನ ಒಯ್ಯಬೇಡಿ, ಆ ಬಿಸಿಲಿಗೆ ಹುಳಿಯಾಗುತ್ತದೆ. ತಿಂಗಳುಗಟ್ಟಲೆ ಮೆಸ್ಸಿನ ಊಟ ಉಂಡ ಹುಡುಗರು, ಹುಡುಗಿಯರು, ಎರಡನೆಯ ತುತ್ತಿಗೇ ಎಲ್ಲವನ್ನೂ ಹೇಳಿದರು.